ಬೆನ್ನುಹುರಿಗೆ ಗುಂಡೇಟು ಬಿದ್ದ ಮೇಲೆ: ದಂಪತಿಗಳು ತಿಳಿಯಬೇಕಾದ ವಿಷಯಗಳು

ಕೊಡಗು ಮತ್ತು ಮಲೆನಾಡಿನ ಅನೇಕ ಮನೆಗಳಲ್ಲಿ ಕೋವಿ ಇರುವುದು. ಅದು ಅಕಸ್ಮಾತ್ತಾಗಿ ಸಿಡಿದು ಗುಂಡು ಬೆನ್ನಿಗೆ ತಗಲಿದರೆ ಬೆನ್ನುಮೂಳೆಯೊಳಗಿನ ಬೆನ್ನುಹುರಿ ಘಾಸಿಗೊಳ್ಳಬಹುದು. ಆಗ ಪೆಟ್ಟು ಬಿದ್ದ ಮಟ್ಟದಿಂದ ಕೆಳಕ್ಕೆ ಚಲನೆಯೂ ಸ್ಪರ್ಶಜ್ಞಾನವೂ ಕುಂದುವುವು. ಮಲಮೂತ್ರಗಳ ಹತೋಟಿ ತಪ್ಪುವುದು.

ಗಾಯಾಳುವನ್ನು ಎಬ್ಬಿಸಿ ಕೂರಿಸಬಾರದು, ಹೆಗಲ ಮೇಲೆ ಹೊರಬಾರದು. ರಕ್ತ ಸುರಿಯುವಲ್ಲಿ ಶುಭ್ರವಾದ ಬಟ್ಟೆಯಿಂದ ಒತ್ತಿಹಿಡಿದು, ಕುತ್ತಿಗೆಯೂ ಬೆನ್ನೂ ಬಾಗದಂತೆ ನಾಲ್ವರು ಸೇರಿ ಹಲಗೆಯ ಮೇಲೆ ಮಲಗಿಸಿ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಗುಂಡು ಒಳಗೇ ಉಳಿದಿದ್ದರೂ ವೈದ್ಯರು ತೆಗೆಯಲಿಲ್ಲವೆಂದು ಮನೆಯವರು ಕಳವಳಪಡುವುದುಂಟು. ಹೆಚ್ಚಿನ ಹಾನಿಯು ಗುಂಡು ಹಾಯುವ ಕ್ಷಣದಲ್ಲಿಯೇ ಆಗಿಹೋಗಿರುತ್ತದೆ. ಅದನ್ನು ಹೊರತೆಗೆದ ಮಾತ್ರಕ್ಕೆ ಕಾಲುಗಳಿಗೆ ಶಕ್ತಿ ಮರಳುವುದಿಲ್ಲ. ಗುಂಡು ಹುರಿಯನ್ನು ಒತ್ತುತ್ತಾ ನಿಶ್ಶಕ್ತಿ ಏರುತ್ತಿದ್ದರೆ, ಅಥವಾ ಹುರಿಯ ಸುತ್ತಲಿನ ದ್ರವ ಸೋರುತ್ತಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. 1965ರ ಯುದ್ಧದಲ್ಲಿ ಗುಂಡೇಟು ತಿಂದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಸೈನಿಕ ಮುರಳಿಕಾಂತ ಪೇಟ್ಕರ್ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ಸ್ ಈಜಿನಲ್ಲಿ ಚಿನ್ನದ ಪದಕ ಗೆದ್ದರು.

ಹುರಿ ಪೂರ್ತಿ ತುಂಡಾಗದೆ ಸ್ವಲ್ಪ ಸ್ಪರ್ಶವಾದರೂ ಉಳಿದಿದ್ದಲ್ಲಿ ಚೇತರಿಕೆಯ ಆಸೆ ಹೆಚ್ಚು. ಅದು ಬಹುಮಟ್ಟಿಗೆ ಮೊದಲ ಒಂದು ವರ್ಷದೊಳಗೆ ಕಾಣಿಸಿಕೊಳ್ಳುವುದು. ಹೊಲ ಮಾರಿ, ನಡೆಸಿಯೇ ತೀರುತ್ತೇವೆಂಬುವರ ಹಿಂದೆ ಊರೂರು ಅಲೆಯುವುದಕ್ಕಿಂತ ಆ ಹಣದಲ್ಲಿ ಒಳ್ಳೆಯ ಗಾಲಿಕುರ್ಚಿ ಕೊಂಡು, ಮನೆಯ ಹೊಸ್ತಿಲನ್ನು ಇಳಿಜಾರು ಮಾಡಿಸುವುದು ಲೇಸು.

ಆಸ್ಪತ್ರೆಯಿಂದ ಮರಳಿದ ಮೇಲೆ ಪ್ರಾಣಕ್ಕೆ ಎರವಾಗುವುದು ಹೆಚ್ಚಾಗಿ ಗುಂಡಲ್ಲ. ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಅವರು ಗಾಯಾಳು ಸೈನಿಕರನ್ನು ಹಗಲಿರುಳೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕ್ರಮವನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದರು. ಇದಕ್ಕೆ ದುಬಾರಿ ಔಷಧಿ ಬೇಕಿಲ್ಲ. ಮನೆಯವರ ಎರಡು ಕೈಗಳು ಸಾಕು. ಬೆಳಿಗ್ಗೆ, ರಾತ್ರಿ ಸೊಂಟ, ಪಿರ್ರೆ, ಹಿಮ್ಮಡಿಗಳನ್ನು ಪರೀಕ್ಷಿಸಿರಿ. ಒತ್ತಡ ತೆಗೆದರೂ ಮಾಸದ ಕೆಂಪು ಕಂಡರೆ ಆ ಭಾಗಕ್ಕೆ ಭಾರ ಬೀಳಬಾರದು. ಸ್ಪರ್ಶವಿಲ್ಲದ ಕಾಲಿಗೆ ಬಿಸಿನೀರಿನ ಶಾಖ ಕೊಟ್ಟು ಸುಟ್ಟುಕೊಂಡವರುಂಟು, ಅದು ಕೂಡದು. ಮೂತ್ರಕೋಶವನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಶುಚಿಯಾದ ಕೊಳವೆಯಿಂದ ಬರಿದುಮಾಡುವ ವಿಧಾನವನ್ನು ಗಂಡಹೆಂಡಿರಿಬ್ಬರೂ ನರ್ಸಮ್ಮನವರಿಂದ ಕಲಿಯಿರಿ. ಜ್ವರ, ಚಳಿ, ಕದಡಿದ ಮೂತ್ರ ಕಂಡುಬಂದರೆ ತಡಮಾಡಬೇಡಿರಿ.

ಇನ್ನು ದಾಂಪತ್ಯದ ವಿಚಾರ. ಇದನ್ನು ಕೇಳಲು ಬಹಳ ಮಂದಿ ನಾಚುವರು. ಹೇಳಬೇಕಾದ ನಾವೂ ಎಷ್ಟೋ ವೇಳೆ ಮೌನ ವಹಿಸುತ್ತೇವೆ. ಪೆಟ್ಟಾದ ಮಾತ್ರಕ್ಕೆ ಸಹಜೀವನ ಮುಗಿಯುವುದಿಲ್ಲ. ಪುರುಷರಲ್ಲಿ ವೀರ್ಯ ಹೊರಬರುವುದು ಕಷ್ಟವಾಗಬಹುದು, ಆದರೆ ವೈದ್ಯರ ನೆರವಿನಿಂದ ತಂದೆಯಾಗುವ ಅವಕಾಶ ಅನೇಕರಿಗುಂಟು. ಸ್ತ್ರೀಯರಲ್ಲಿ ಕೆಲ ತಿಂಗಳು ಮುಟ್ಟು ನಿಂತರೂ ಮತ್ತೆ ಬರುವುದು, ಗರ್ಭಧಾರಣೆಯ ಶಕ್ತಿ ಉಳಿದಿರುವುದು. ಆದ್ದರಿಂದ ಮಗು ಸದ್ಯಕ್ಕೆ ಬೇಡವಾದರೆ ಗರ್ಭನಿರೋಧ ಅವಶ್ಯಕ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ನುಂಗುವ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ಬಳಸಕೂಡದು. ಗರ್ಭಿಣಿಯಾದಲ್ಲಿ ಹೆರಿಗೆ ನೋವು ತಿಳಿಯದೆಯೇ ಹೆರಿಗೆ ಆರಂಭವಾಗಬಹುದು; ಕೊನೆಯ ತಿಂಗಳುಗಳಲ್ಲಿ ಮೇಲಿಂದ ಮೇಲೆ ಪರೀಕ್ಷೆ ಮಾಡಿಸಿ, ದೊಡ್ಡ ಆಸ್ಪತ್ರೆಯಲ್ಲಿಯೇ ಹೆರಿಗೆಗೆ ಏರ್ಪಾಡು ಮಾಡಿಕೊಳ್ಳಿರಿ. ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾಗಿರುವವರಿಗೆ ಹಠಾತ್ತನೆ ತಲೆ ಸಿಡಿದು ಮುಖ ಬೆವರಿದರೆ ರಕ್ತದೊತ್ತಡ ಏರಿದ ಸೂಚನೆ. ನೆಟ್ಟಗೆ ಕೂರಿಸಿ, ಮೂತ್ರ ಕಟ್ಟಿದೆಯೇ ನೋಡಿ, ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯಿರಿ.