ಸಾಕುನಾಯಿ, ಬೆಕ್ಕುಗಳಲ್ಲಿ ಚಿಗಟದ ಹತೋಟಿ

ಮುಂಗಾರು ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ಮನೆಯ ಕಾವಲು ನಾಯಿ ಎಡೆಬಿಡದೆ ಮೈ ಕೆರೆದುಕೊಳ್ಳತೊಡಗುತ್ತದೆ. ಬಾಲದ ಬುಡವನ್ನು ತಾನೇ ಕಚ್ಚಿಕೊಂಡು ಕೂದಲು ಉದುರಿಸಿಕೊಳ್ಳುತ್ತದೆ. ಜಗುಲಿಯ ಮೇಲೆ ಮಲಗಿದ ಮಕ್ಕಳ ಕಾಲಿನಲ್ಲಿ ಕೆಂಪು ಗಂಧೆಗಳೇಳುತ್ತವೆ. ಇವೆಲ್ಲ ಚಿಗಟದ ಕಾಟದ ಲಕ್ಷಣಗಳು. ಆಗ ಕೆಲವರ ಕೈ ಹೋಗುವುದು ಬೆಳೆಗೆ ಸಿಂಪಡಿಸಿ ಉಳಿದ ಕೀಟನಾಶಕದ ಬಾಟಲಿಯ ಕಡೆಗೆ. ನಾಯಿಯ ಪ್ರಾಣಕ್ಕೆ ಚಿಗಟಕ್ಕಿಂತ ದೊಡ್ಡ ಅಪಾಯ ಶುರುವಾಗುವುದು ಅಲ್ಲಿಂದಲೇ. ಹಿಂದೆ ಬಿ.ಎಚ್.ಸಿ. ಪುಡಿಯನ್ನು ಪ್ರಾಣಿಗಳ ಮೈಗೆ ಎರಚುವ ರೂಢಿಯಿತ್ತು. ನಮ್ಮ ದೇಶದಲ್ಲಿ 1997ರಲ್ಲಿ ಅದನ್ನು ನಿಷೇಧಿಸಲಾಯಿತು. ಪುಡಿ ಹೋದರೂ ಆ ಅಭ್ಯಾಸ ಬೇರೆ ಬೇರೆ ಬಾಟಲಿಗಳಲ್ಲಿ ಉಳಿದುಕೊಂಡಿದೆ.

ಚಿಗಟ ಇರುವುದು ಎಲ್ಲಿ?

ಬೆಳೆಯ ಪೀಡೆಯಂತೆ ಚಿಗಟವನ್ನೂ ಅದರ ಜೀವನಚಕ್ರದಿಂದ ಅರಿಯಬೇಕು. ಕಣ್ಣಿಗೆ ಕಾಣುವ, ಹಾರುವ ಕಂದು ಕೀಟವು ಪ್ರೌಢಾವಸ್ಥೆ ಮಾತ್ರ. ಹೆಣ್ಣು ಚಿಗಟ ರಕ್ತ ಹೀರಿದ ಒಂದೆರಡು ದಿನಗಳಲ್ಲಿ ಮೊಟ್ಟೆಯಿಡಲು ಆರಂಭಿಸಿ, ದಿನಕ್ಕೆ 40-50ರವರೆಗೆ ಇಡಬಲ್ಲದು. ಈ ಮೊಟ್ಟೆಗಳು ಕೂದಲಿಗೆ ಅಂಟಿಕೊಳ್ಳುವುದಿಲ್ಲ. ನಾಯಿ ಮೈ ಕೊಡವಿದಾಗ, ಮಲಗಿದಾಗ ಉಪ್ಪಿನ ಹರಳಿನಂತೆ ನೆಲಕ್ಕೆ ಉದುರುತ್ತವೆ. ಕೆಲವೇ ದಿನಗಳಲ್ಲಿ ಒಡೆದು ಹೊರಬರುವ ಕಾಲಿಲ್ಲದ ಬಿಳಿ ಮರಿಹುಳುಗಳು ರಕ್ತ ಹೀರುವುದಿಲ್ಲ. ಧೂಳಿನಲ್ಲಿ ಬಿದ್ದ ಪ್ರೌಢ ಚಿಗಟದ ಒಣ ಹಿಕ್ಕೆಯನ್ನೂ ಕಸವನ್ನೂ ತಿಂದು ಬೆಳೆಯುತ್ತವೆ. ಬೆಳಕು ಕಂಡರೆ ಬಿರುಕಿಗೆ ನುಸುಳುತ್ತವೆ. ಆಮೇಲೆ ಅಂಟಾದ ಗೂಡು ನೇಯ್ದು ಕೋಶಾವಸ್ಥೆಗೆ ಹೋಗುತ್ತವೆ. ಗೂಡಿನ ಮೇಲೆ ಧೂಳು ಮೆತ್ತಿಕೊಳ್ಳುವುದರಿಂದ ಅದನ್ನು ಗುರುತಿಸುವುದೇ ಕಷ್ಟ.

ಹವೆ ಅನುಕೂಲವಾಗಿದ್ದರೆ ಈ ಚಕ್ರ ಮೂರು ನಾಲ್ಕು ವಾರಗಳಲ್ಲಿ ಮುಗಿಯುತ್ತದೆ. ಆದರೆ ಗೂಡಿನೊಳಗಿನ ಚಿಗಟ ಆಸರೆಯ ಪ್ರಾಣಿ ಸಿಗುವವರೆಗೆ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರು, ಮೈಬಿಸಿ, ಉಸಿರಿನ ಗಾಳಿ ತಾಗಿದೊಡನೆ ಹೊರಬರುತ್ತದೆ. ತಿಂಗಳು ಕಾಲ ಬೀಗ ಹಾಕಿದ್ದ ಮನೆಯ ಬಾಗಿಲು ತೆರೆದಾಗ ಚಿಗಟಗಳು ಒಮ್ಮೆಲೇ ಕಾಲಿಗೆ ಹತ್ತುವುದಕ್ಕೆ ಇದೇ ಕಾರಣ. ಯಾರದೋ ದೃಷ್ಟಿ ತಗಲಿದ್ದಲ್ಲ!

ಹೀಗಾಗಿ ನಾಯಿಯ ಮೈಮೇಲಿರುವುದು ಪೀಡೆಯ ಅಲ್ಪ ಭಾಗ. ಉಳಿದದ್ದೆಲ್ಲ ಅದು ಮಲಗುವ ಗೋಣಿಚೀಲ, ಜಗುಲಿಯ ಸಂದು, ಒರಳುಕಲ್ಲಿನ ಹಿಂದಿನ ಧೂಳು, ಆಡುಮರಿ ಕಟ್ಟುವ ಮೂಲೆ ಇಲ್ಲಿರುತ್ತದೆ. ಮೈಗೆ ಮಾತ್ರ ಔಷಧಿ ಹಚ್ಚುವುದು ಹೊಲದ ಕಳೆಯನ್ನು ಮೇಲಿಂದ ಕೊಯ್ದು ಬೇರನ್ನು ಬಿಟ್ಟಂತೆ.

ಗುರುತಿಸುವ ವಿಧಾನ

ನಾಯಿಯನ್ನು ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿ, ಸೊಂಟದ ಮೇಲಿನ ಕೂದಲನ್ನು ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಬೇಕು. ಉದುರಿದ ಕರಿ ಕಣಗಳ ಮೇಲೆ ಎರಡು ಹನಿ ನೀರು ಬಿಟ್ಟಾಗ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಾಯಿಯದೇ ರಕ್ತ. ಬಣ್ಣ ಬಿಡದಿದ್ದರೆ ಬರೀ ಮಣ್ಣು. ಕಿವಿಯಲ್ಲಿ, ಬೆರಳ ಸಂದಿಯಲ್ಲಿ ಕಚ್ಚಿಕೊಂಡು ಕದಲದೆ ಕೂರುವುದು ಉಣ್ಣೆ. ಅದರ ಹತೋಟಿಯ ಕ್ರಮ ಬೇರೆ.

ಮೊದಲು ನೆಲ, ಅನಂತರ ಮೈ

ನಾಯಿ ಮಲಗುವ ಜಾಗ ಒಂದೇ ಆಗಿರುವಂತೆ ನೋಡಿಕೊಂಡರೆ ಅರ್ಧ ಕೆಲಸ ಹಗುರ. ಅಲ್ಲಿಯ ಗೋಣಿ, ಹಳೆಯ ಕಂಬಳಿಯ ತುಂಡನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ, ಸುಡುಬಿಸಿಲಿನಲ್ಲಿ ಎರಡೂ ಬದಿ ಒಣಗಿಸಬೇಕು. ಮರಿಹುಳುವಿಗೆ ತೇವ ಬೇಕು. ಒಣ ಹವೆಯಲ್ಲಿ, ಬಿರುಬಿಸಿಲಿನಲ್ಲಿ ಅದು ಬದುಕದು. ಮಳೆಗಾಲದಲ್ಲಿ ಬಿಸಿಲು ಸಿಗದಿದ್ದರೆ ಗೋಣಿಯನ್ನು ಸುಟ್ಟು ಬೇರೆಯದನ್ನು ಹಾಸುವುದೇ ಲೇಸು.

ನೆಲದ ಬಿರುಕುಗಳನ್ನು ಮಣ್ಣು ಅಥವಾ ಸಿಮೆಂಟಿನಿಂದ ಮುಚ್ಚಬೇಕು. ದಿನವೂ ಮೂಲೆ ಮೂಲೆ ಗುಡಿಸಿದ ಕಸವನ್ನು ತಿಪ್ಪೆಗೆ ಎಸೆಯದೆ ಸುಡಬೇಕು. ಗುಡಿಸುವಾಗಿನ ಅದುರಿಗೆ ಗೂಡಿನ ಚಿಗಟಗಳು ಹೊರಬರುವುದರಿಂದ ಮೊದಲ ವಾರ ಕಾಟ ಹೆಚ್ಚಾದಂತೆ ತೋರಬಹುದು. ಇದರಿಂದ ಎದೆಗುಂದಿ ಕೆಲಸ ನಿಲ್ಲಿಸಬಾರದು. ಎಂಟು ವಾರವಾದರೂ ಬಿಡದೆ ಮಾಡಿದರೇ ಫಲ.

ಶೇಂಗಾ ಹೊಲದಲ್ಲಿ ಕೆಂಪುತಲೆ ಕಂಬಳಿಹುಳುವಿನ ಪತಂಗಕ್ಕೆ ಇಡುವ ದೀಪದ ಬಲೆಯ ಉಪಾಯ ಇಲ್ಲಿಯೂ ನಡೆಯುತ್ತದೆ. ರಾತ್ರಿ ಅಗಲ ತಟ್ಟೆಯಲ್ಲಿ ಸೋಪಿನ ನೀರು ತುಂಬಿ, ನಡುವೆ ಇಟ್ಟಿಗೆಯ ಮೇಲೆ ಲಾಟೀನು ಇಟ್ಟರೆ ಬೆಳಕಿಗೆ ಹಾರಿದ ಚಿಗಟಗಳು ನೀರಿನಲ್ಲಿ ಮುಳುಗುತ್ತವೆ. ಎಲ್ಲವೂ ಬೀಳುವುದಿಲ್ಲ. ಆದರೆ ದಿನದಿನದ ಲೆಕ್ಕದಿಂದ ಕಾಟ ಇಳಿಯುತ್ತಿದೆಯೇ ಎಂಬುದು ತಿಳಿಯುತ್ತದೆ.

ನಾಯಿಗೆ ಸ್ನಾನ ಮಾಡಿಸುವಾಗ ಮೊದಲು ಕುತ್ತಿಗೆಯ ಸುತ್ತ ನೊರೆ ಹಚ್ಚಬೇಕು. ಇಲ್ಲದಿದ್ದರೆ ಚಿಗಟಗಳೆಲ್ಲ ಮುಖಕ್ಕೆ, ಕಿವಿಗೆ ಓಡುತ್ತವೆ. ನೊರೆಯನ್ನು ಐದರಿಂದ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ದಿನವೂ ಬಾಚಿ, ಬಾಚಣಿಗೆಯನ್ನು ಸೋಪಿನ ನೀರಿನಲ್ಲಿ ಅದ್ದುತ್ತಿರಬೇಕು. ಎಳೆಯ ಮರಿಗಳಿಗೂ ಬೆಕ್ಕಿಗೂ ಮನೆಯಲ್ಲೇ ಮಾಡಬಹುದಾದ ನಿರಪಾಯ ಚಿಕಿತ್ಸೆ ಎಂದರೆ ಈ ಬಾಚುವುದೇ.

ಬೇವಿನ ಬಳಕೆ, ಅದರ ಮಿತಿ

ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೋಪು ಕದಡಿ, 10 ಮಿಲಿಲೀಟರ್ ಬೇವಿನ ಎಣ್ಣೆ ಬೆರೆಸಿ, ಬೆಳೆದ ನಾಯಿಯ ಮೈಗೆ ಕಣ್ಣು, ಬಾಯಿ, ಗಾಯ ಬಿಟ್ಟು ಸವರಬಹುದು. ಮೊದಲ ದಿನ ಒಂದು ಅಂಗೈಯಷ್ಟು ಜಾಗಕ್ಕೆ ಹಚ್ಚಿ ನೋಡುವುದು ಒಳಿತು. ಬೇವು ಚಿಗಟವನ್ನು ದೂರವಿಡಲು ನೆರವಾಗುತ್ತದೆಯೇ ಹೊರತು ಒಂದೇಟಿಗೆ ಕೊಲ್ಲುವುದಿಲ್ಲ. ಬೆಳೆಗೆಂದು ಮಾರುವ ಬೇವಿನ ಕೀಟನಾಶಕದಲ್ಲಿ ಬೇರೆ ದ್ರಾವಕಗಳು ಇರುವುದರಿಂದ ಅದನ್ನು ಪ್ರಾಣಿಗೆ ಹಚ್ಚಕೂಡದು. ಬೆಕ್ಕು ಮೈಯನ್ನೆಲ್ಲ ನೆಕ್ಕುವ ಪ್ರಾಣಿ. ಅದಕ್ಕೆ ಬೇವಿನ ಎಣ್ಣೆಯೂ ಬೇಡ, ನೀಲಗಿರಿ ಎಣ್ಣೆಯೂ ಬೇಡ.

ನೈಸರ್ಗಿಕ ಎಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಹೊಗೆಸೊಪ್ಪಿನ ಕಷಾಯ ವಿಷ. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಓಡುವ ಬದಲು ನಾಯಿ, ಬೆಕ್ಕುಗಳ ರಕ್ತಕಣಗಳೇ ಒಡೆಯುತ್ತವೆ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ಯಾರಾದರೂ ತಿಳಿಯದೆ ಕೀಟನಾಶಕ ಹಚ್ಚಿ ನಾಯಿ ಜೊಲ್ಲು ಸುರಿಸುತ್ತಿದ್ದರೆ, ನಡುಗುತ್ತಿದ್ದರೆ, ಕೈಗೆ ಚೀಲ ಸುತ್ತಿಕೊಂಡು ಅದರ ಮೈಯನ್ನು ಸೋಪಿನ ನೀರಿನಿಂದ ತೊಳೆದು, ಬಾಟಲಿಯ ಸಮೇತ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ವೈದ್ಯರನ್ನು ಕಾಣಬೇಕಾದಾಗ

ನಾಯಿಮರಿ, ಆಡುಮರಿಗಳ ವಸಡು ಬಿಳಿಚಿಕೊಂಡಿದ್ದರೆ ಮನೆಮದ್ದಿಗೆ ಕಾಲವಿಲ್ಲ. ಚಿಗಟಗಳು ಹೀರಿದ ರಕ್ತದ ನಷ್ಟದಿಂದಲೇ ಎಳೆಯ ಮರಿಗಳು ಸಾಯಬಲ್ಲವು. ನಾಯಿಯ ಗುದದ ಸುತ್ತ ಸೌತೆಬೀಜದಂಥ ತುಣುಕುಗಳು ಕಂಡರೆ ಅದು ಲಾಡಿಹುಳು. ಮೈ ಕಚ್ಚಿಕೊಳ್ಳುವಾಗ ನುಂಗಿದ ಚಿಗಟದಿಂದ ಅದು ಹೊಟ್ಟೆ ಸೇರುತ್ತದೆ. ನಾಯಿಯೊಡನೆ ಆಡುವ ಮಗು ಅಕಸ್ಮಾತ್ತಾಗಿ ಚಿಗಟ ನುಂಗಿದರೆ ಮಗುವಿಗೂ ಬರಬಹುದು. ಪಶುವೈದ್ಯರು ಜಂತುನಾಶಕವನ್ನೂ, ತೂಕ ನೋಡಿ ಚಿಗಟದ ಔಷಧಿಯನ್ನೂ ಕೊಡುತ್ತಾರೆ. ನಾಯಿಗೆಂದು ಕೊಟ್ಟ ಹನಿ ಔಷಧಿಯನ್ನು ಬೆಕ್ಕಿಗೆ ಹಾಕಬಾರದು. ನಾಯಿಗೆ ಒಗ್ಗುವ ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲುತ್ತದೆ. ಔಷಧಿ ಹಾಕಿದ ದಿನವೇ ಗೋಣಿಯನ್ನೂ ಕುದಿನೀರಿಗೆ ಹಾಕತಕ್ಕದ್ದು.