ಸ್ಕಂದಗಿರಿಯಲ್ಲೊಂದು ಮಾಗಿಯ ಬೆಳಗು: ಮೊದಲ ಸಲ ಹೋಗುವವರಿಗೆ ಹಂತ ಹಂತವಾಗಿ

ಮೊದಲ ಸಲ ಸ್ಕಂದಗಿರಿ ಹತ್ತಿದಾಗ ನಾನು ನೂರಕ್ಕೂ ಹೆಚ್ಚು ಫೋಟೊ ತೆಗೆದೆ. ಕೆಳಗಿಳಿದು ಬಂದ ಮೇಲೆ ಯಾರೋ ‘ಹೇಗಿತ್ತು?’ ಅಂದರು. ಹೇಳೋಕೆ ಏನೂ ಇರಲಿಲ್ಲ, ಮೊಬೈಲ್ ತೋರಿಸಿದೆ. ಎರಡನೇ ಸಲ ಹೋದಾಗ ಮೇಲೆ ಸುಮ್ಮನೆ ಕೂತು ಬಂದೆ. ಹಾಗೆ ಕೂತು ಬರುವುದು ಹೇಗೆ ಅನ್ನುವುದಷ್ಟೇ ಈ ಬರಹ. ಬೆಟ್ಟ ಹತ್ತಿ ಅಭ್ಯಾಸವಿಲ್ಲ, ಧ್ಯಾನವಂತೂ ಗೊತ್ತೇ ಇಲ್ಲ ಅಂತೀರಾ? ಭಯಪಡಬೇಡಿ. ಎರಡೂ ಬೇಕಿಲ್ಲ.

1. ದಿನ ಆರಿಸಿ. ಡಿಸೆಂಬರ್ 16ರ ಆಸುಪಾಸಿನಲ್ಲಿ ಸೂರ್ಯ ಧನು ರಾಶಿಗೆ ಬರುತ್ತಾನೆ. ಅಲ್ಲಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಮದುವೆ, ಗೃಹಪ್ರವೇಶದ ಗಡಿಬಿಡಿ ಇರುವುದಿಲ್ಲ. ನಕ್ಷತ್ರ ಮಾಸುವ ಮೊದಲೇ ಎದ್ದು ಪೂಜೆ ಮುಗಿಸಿ, ಹುಗ್ಗಿ ನೈವೇದ್ಯ ಮಾಡುವ ತಿಂಗಳಿದು. ನಸುಕಿನಲ್ಲಿ ಏಳುವುದಕ್ಕೆ ನಮ್ಮ ಹಿರಿಯರು ವರ್ಷದ ಅತಿ ಚಳಿಯ ದಿನಗಳನ್ನೇ ಆರಿಸಿದ್ದರು ನೋಡಿ! ಬೆಟ್ಟದ ಹೆಸರಿನಲ್ಲೇ ಸ್ಕಂದ ಇರುವುದರಿಂದ ಮಾರ್ಗಶಿರದ ಸುಬ್ರಹ್ಮಣ್ಯ ಷಷ್ಠಿಯ ಆಸುಪಾಸೂ ಚೆನ್ನ. ಒಂದೇ ಎಚ್ಚರಿಕೆ: ಶನಿವಾರ, ಭಾನುವಾರ ಬೇಡ. ಜಾತ್ರೆಯಾಗಿರುತ್ತದೆ.

2. ಟಿಕೆಟ್ ಮಾಡಿಸಿ. ಇದು ಅರಣ್ಯ ಇಲಾಖೆಯ ಜಾಗ. ಆನ್‌ಲೈನಿನಲ್ಲಿ ಮೊದಲೇ ಬುಕ್ ಮಾಡಬೇಕು. ಬೆಟ್ಟ ಹತ್ತಲು ಬಿಡುವ ಸಮಯ, ಶುಲ್ಕ ಆಗಾಗ ಬದಲಾಗುತ್ತವೆ, ಬುಕ್ ಮಾಡುವ ದಿನ ಏನಿದೆಯೋ ಅದನ್ನೇ ನಂಬಿ. ಗುರುತಿನ ಚೀಟಿಯನ್ನು ಈಗಲೇ ಚೀಲಕ್ಕೆ ಹಾಕಿಬಿಡಿ.

3. ಚೀಲ ತುಂಬಿ. ಹಣೆಗೆ ಕಟ್ಟುವ ಟಾರ್ಚ್, ಅಂದರೆ ಹೆಡ್‌ಲ್ಯಾಂಪ್. ಮೊಬೈಲ್ ಬೆಳಕನ್ನು ನೆಚ್ಚಬೇಡಿ, ಹತ್ತುವಾಗ ಎರಡೂ ಕೈ ಖಾಲಿ ಇರಬೇಕು. ಎರಡು ಲೀಟರ್ ನೀರು. ಹುರಿದ ಕಡಲೆಕಾಯಿ, ಒಂದು ಅಚ್ಚು ಬೆಲ್ಲ. ಜರ್ಕಿನ್, ಕಿವಿ ಮುಚ್ಚುವ ಟೋಪಿ. ಹಿಡಿತವಿರುವ ಶೂ. ಜೊತೆಗೆ ಹೊಸಬರು ಮರೆತೇಬಿಡುವ ಎರಡು ವಸ್ತು: ಒಂದು ಒಣ ಅಂಗಿ, ಕೂರೋಕೆ ಹಳೆ ಚಾಪೆಯ ತುಂಡು. ಯಾಕೆಂದು ಏಳನೇ ಹಂತದಲ್ಲಿ ಹೇಳುತ್ತೇನೆ.

4. ತಪ್ಪಲು ತಲುಪಿ. ಬೆಂಗಳೂರಿನಿಂದಾದರೆ ಸುಮಾರು 70 ಕಿಲೋಮೀಟರ್: ಹೆಬ್ಬಾಳ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಅಲ್ಲಿಂದ ಕಳವಾರ. ಬೆಟ್ಟಕ್ಕೆ ಕಳವಾರ ದುರ್ಗ ಅಂತಲೂ ಹೆಸರಿದೆ. ದಾರಿ ಕೇಳುವಾಗ ‘ಪಾಪಾಗ್ನಿ ಮಠ’ ಎನ್ನಿ, ಹತ್ತುವ ದಾರಿ ಶುರುವಾಗುವುದು ಅದರ ಹತ್ತಿರದಿಂದಲೇ. ನಿದ್ದೆಗೆಟ್ಟು ಬೈಕ್ ಓಡಿಸಬೇಡಿ. ಹೆದ್ದಾರಿಯಲ್ಲಿ ಮಂಜು ಕವಿದರೆ ಮುಂದಿನ ಲಾರಿಯೂ ಕಾಣುವುದಿಲ್ಲ. ಹಿಂದಿನ ದಿನವೇ ಬಂದು ಚಿಕ್ಕಬಳ್ಳಾಪುರದಲ್ಲಿ ಉಳಿದರೆ ಇನ್ನೂ ಒಳ್ಳೆಯದು.

5. ಐದು ನಿಮಿಷ ನಿಂತುಕೊಳ್ಳಿ. ಹೆಸರು ಬರೆಸಿದ ಕೂಡಲೇ ಓಡಬೇಡಿ. ಟಾರ್ಚ್ ಆರಿಸಿ. ಕಣ್ಣಿಗೆ ಕತ್ತಲು ಒಗ್ಗಲಿ. ಬೆಟ್ಟದ ಆಕಾರ ನಿಧಾನವಾಗಿ ಮೂಡುತ್ತದೆ, ಮೇಲೆ ನಕ್ಷತ್ರಗಳೂ. ಇಲ್ಲೇ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ಚೀಲದ ತಳಕ್ಕೆ ಸೇರಿಸಿ. ಈ ದಿನದ ಅತಿ ಕಷ್ಟದ ಕೆಲಸ ಇದೇ, ಮುಗಿಯಿತು.

6. ಹತ್ತಿ. ದಾರಿ ಸುಮಾರು ನಾಲ್ಕು ಕಿಲೋಮೀಟರ್. ಮೊದಲ ಅರ್ಧ ಗಂಟೆಯಲ್ಲೇ ಏದುಸಿರು ಬರುತ್ತದೆ, ‘ನನ್ನ ಕೈಲಾಗಲ್ಲ’ ಅನಿಸುತ್ತದೆ. ಎಲ್ಲರಿಗೂ ಹಾಗೇ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗದಿದ್ದರೆ ನಿಮ್ಮ ನಡಿಗೆ ಜೋರಾಯಿತು ಎಂದರ್ಥ. ನಿಲ್ಲಿ. ಉಸಿರು ತಹಬಂದಿಗೆ ಬಂದ ಮೇಲೆ ಹೊರಡಿ. ನಾನು ಉಸಿರು ಎಳೆಯುವಾಗ ಎರಡು ಹೆಜ್ಜೆ, ಬಿಡುವಾಗ ಎರಡು ಹೆಜ್ಜೆ ಹಾಕುತ್ತೇನೆ. ಎಣಿಸುತ್ತಾ ಎಣಿಸುತ್ತಾ ಆಫೀಸು, ಸಾಲ, ಜಗಳ ಎಲ್ಲ ತಾವಾಗಿಯೇ ಹಿಂದೆ ಬೀಳುತ್ತವೆ. ಜಪ ಮಾಡುವವರು ಎಣಿಕೆಯ ಬದಲು ತಮ್ಮ ದೇವರ ಹೆಸರು ಹೇಳಿಕೊಳ್ಳಲಿ.

ಜಾರುವುದು ಎಲ್ಲಿ ಗೊತ್ತೇ? ಇಬ್ಬನಿ ಬಿದ್ದ ನುಣುಪು ಬಂಡೆಯ ಮೇಲೆ, ಒಣಗಿದ ಹುಲ್ಲು ತುಳಿದಾಗ. ಪಾದ ಪೂರ್ತಿ ಊರಿ, ಆಮೇಲೆ ಭಾರ ಹಾಕಿ. ಅಡ್ಡದಾರಿ ಹಿಡಿಯಬೇಡಿ. ಚಳಿಯೆಂದು ಕಡ್ಡಿ ಗೀರಿ ಬೆಂಕಿ ಹಾಕಲೇಬೇಡಿ, ಮಾಗಿಯ ಹುಲ್ಲಿಗೆ ಒಂದು ಕಿಡಿ ಸಾಕು. ನಡುವೆ ಹಳೇ ಕೋಟೆಯ ಗೋಡೆಗಳು ಸಿಗುತ್ತವೆ. ಟಿಪ್ಪುವಿನ ಕಾಲದ್ದು ಎನ್ನುತ್ತಾರೆ. ಕಲ್ಲಿಗೆ ಬೆನ್ನು ಕೊಟ್ಟು ಎರಡು ಗುಟುಕು ನೀರು ಕುಡಿದು ಮುಂದೆ ಹೋಗಿ.

7. ಅಂಗಿ ಬದಲಿಸಿ. ಮೇಲೆ ತಲುಪಿದ ಖುಷಿಯಲ್ಲಿ ಎಲ್ಲರೂ ಇದನ್ನು ಮರೆಯುತ್ತಾರೆ. ಬೆವರಿಗೆ ಒದ್ದೆಯಾದ ಅಂಗಿಯ ಮೇಲೆ ನೆತ್ತಿಯ ಗಾಳಿ ಬಡಿದರೆ ಹತ್ತೇ ನಿಮಿಷದಲ್ಲಿ ಹಲ್ಲು ಕಟಕಟ ಅನ್ನುತ್ತದೆ, ಆಮೇಲೆ ಧ್ಯಾನವೂ ಇಲ್ಲ ಮಣ್ಣೂ ಇಲ್ಲ. ಒಣ ಅಂಗಿ, ಅದರ ಮೇಲೆ ಜರ್ಕಿನ್. ಬಂಡೆ ಮಂಜುಗಡ್ಡೆಯಂತೆ ತಣ್ಣಗಿರುತ್ತದೆ, ಚಾಪೆ ಹಾಸಿ.

8. ಕೂತುಕೊಳ್ಳಿ. ನೆತ್ತಿಯ ಪುಟ್ಟ ಶಿವನ ಗುಡಿಗೆ ಕೈ ಮುಗಿದು, ಗುಂಪಿನಿಂದ ಇಪ್ಪತ್ತು ಹೆಜ್ಜೆ ದೂರ, ಅಂಚಿಗೆ ಹೋಗದೆ ಕೂರಿ. ಸೂರ್ಯ ಆರೂಮುಕ್ಕಾಲರ ಹೊತ್ತಿಗೆ ಮೂಡುತ್ತಾನೆ. ನೇರ ಪೂರ್ವಕ್ಕೆ ನೋಡುತ್ತಾ ಕೂತರೆ ತಪ್ಪಿಹೋಗಬಹುದು. ಈ ತಿಂಗಳಲ್ಲಿ ಅವನು ತುಸು ಬಲಕ್ಕೆ, ಆಗ್ನೇಯದ ಕಡೆ ಹುಟ್ಟುತ್ತಾನೆ.

ಕಣ್ಣು ಮುಚ್ಚಲೇಬೇಕೆಂದಿಲ್ಲ. ಮನಸ್ಸನ್ನು ಖಾಲಿ ಮಾಡುವ ಸಾಹಸವೂ ಬೇಡ. ಕಿವಿಗೆ ಬಿದ್ದ ಸದ್ದುಗಳನ್ನು ಎಣಿಸಿ: ಹುಲ್ಲಿನಲ್ಲಿ ಗಾಳಿ, ಕೆಳಗಿನ ಹಳ್ಳಿಯ ಕೋಳಿ, ಯಾವುದೋ ಗುಡಿಯ ಮೈಕಿನ ಸುಪ್ರಭಾತ, ಪೊದೆಯಲ್ಲಿ ಪಿಕಳಾರ. ಹತ್ತು ಸದ್ದು ಸಿಗುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತದೆ. ನಡುವೆ ಮನೆಯ ಚಿಂತೆ ನುಗ್ಗಿದರೆ ಬೈದುಕೊಳ್ಳಬೇಡಿ, ಮತ್ತೆ ಒಂದರಿಂದ ಶುರು ಮಾಡಿ.

ಇನ್ನು, ಜನ ಇಷ್ಟು ದೂರ ಬರುವುದೇ ಮೋಡದ ಸಮುದ್ರಕ್ಕೆ. ಮಾಗಿಯ ತಿಳಿ ರಾತ್ರಿಯಲ್ಲಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕಂಟಿದ ಗಾಳಿ ತಣ್ಣಗಾಗಿ, ಭಾರವಾಗಿ ತಗ್ಗಿಗೆ ಇಳಿಯುತ್ತದೆ, ಅದರ ತೇವ ಮಂಜಾಗುತ್ತದೆ. ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುವುದರಿಂದ ಮಂಜು ಮೇಲೇಳದೆ ಕಣಿವೆ ತುಂಬಿ ನಿಲ್ಲುತ್ತದೆ. ಗಾಳಿ ಜೋರಾಗಿದ್ದರೆ, ತೇವ ಸಾಲದಿದ್ದರೆ ಏನೂ ಆಗುವುದಿಲ್ಲ. ಆ ದಿನ ದಕ್ಷಿಣಕ್ಕೆ ನಂದಿಬೆಟ್ಟ, ಕೆಳಗೆ ದ್ರಾಕ್ಷಿ ತೋಟ, ಕೆರೆಗಳು ಸ್ಪಷ್ಟ ಕಾಣುತ್ತವೆ. ದುಡ್ಡು ದಂಡವಾಯಿತು ಎನ್ನುವವರ ಪಕ್ಕ ಕೂರಬೇಡಿ. ನನ್ನನ್ನು ಕೇಳಿದರೆ ಸದ್ದು ಎಣಿಸೋಕೆ ಮೋಡವಿಲ್ಲದ ದಿನವೇ ಮೇಲು, ಯಾರೂ ಕಿರುಚುವುದಿಲ್ಲ.

9. ಈಗ ಫೋಟೊ ತೆಗೆಯಿರಿ. ಒಂದು ಸಾಕು. ಅಥವಾ ಎರಡು.

10. ಇಳಿಯಿರಿ. ಬೀಳುವವರಲ್ಲಿ ಹೆಚ್ಚಿನವರು ಇಳಿಯುವಾಗ ಬೀಳುತ್ತಾರೆ. ಮಂಡಿ ಸ್ವಲ್ಪ ಬಗ್ಗಿಸಿ, ಸಣ್ಣ ಸಣ್ಣ ಹೆಜ್ಜೆ ಇಡಿ. ಕಡಲೆಕಾಯಿ ಸಿಪ್ಪೆ ಸಮೇತ ನಿಮ್ಮ ಕಸ ನಿಮ್ಮ ಚೀಲದಲ್ಲೇ ಬರಲಿ.

11. ನಂದಿ ಗ್ರಾಮಕ್ಕೆ ಹೋಗಿ. ಶಕ್ತಿ ಉಳಿದಿದ್ದರೆ ಮಾತ್ರ. ಅಲ್ಲಿನ ಭೋಗನಂದೀಶ್ವರ ದೇವಾಲಯ 9ನೇ ಶತಮಾನದಷ್ಟು ಹಳೆಯದು. ಅದೇ ಆವರಣದ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ನಂದಿಬೆಟ್ಟದ ಮೇಲಿನ ಯೋಗನಂದೀಶ್ವರ ವಿರಕ್ತಿ ಎಂದು ಇಲ್ಲಿನವರ ನಂಬಿಕೆ. ಒಳಗಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಾ, ಮೇಲೆ ಎಣಿಸಿದ ಸದ್ದುಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಮನೆಗೆ ಹೊರಡುವ ಮೊದಲು ಚಿಕ್ಕಬಳ್ಳಾಪುರದ ಮಾರ್ಕೆಟ್ಟಿನಲ್ಲಿ ಎರಡು ಕೆ.ಜಿ. ಅವರೆಕಾಯಿ ತಗೊಳ್ಳಿ. ಇಬ್ಬನಿ ಕುಡಿದ ಕಾಯಿ, ಸೊಗಡು ಕೈಗೆ ಅಂಟಬೇಕು. ಅಂಟದಿದ್ದರೆ ಬೇರೆ ಅಂಗಡಿ ನೋಡಿ.