ತ್ರಿತಾಳದ ಠೇಕಾ: ಕಲಿಯುವ ಕ್ರಮ

ಭರತಮುನಿಯ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಿದೆ. ತಂತಿ ಬಿಗಿದದ್ದು ತತ, ಊದಿ ನುಡಿಸುವುದು ಸುಷಿರ, ಚರ್ಮ ಹೊದಿಸಿದ್ದು ಅವನದ್ಧ, ಕಂಚಿನ ತಾಳದಂಥದು ಘನ. ನಮ್ಮ ಪ್ರಾರ್ಥನಾ ಮಂದಿರದಲ್ಲಿ ಹಾರ್ಮೋನಿಯಮ್ಮಿನ ಮಗ್ಗುಲಿಗೆ ಸಿಂಬಿಯ ಮೇಲೆ ಕುಳಿತಿರುವ ತಬಲಾ ಜೋಡಿಯು ಅವನದ್ಧ ವರ್ಗಕ್ಕೆ ಸೇರಿದುದು. ಕನ್ನಡ ಪಂಡಿತನಿಗೂ ಈ ವಾದ್ಯಕ್ಕೂ ಏನು ನಂಟು ಎಂದು ಕೇಳುವವರುಂಟು. ಛಂದಸ್ಸಿನ ಪಾಠ ಹೇಳುವವನು ಮಾತ್ರೆಯನ್ನೆಣಿಸದೆ ಒಂದು ದಿನವನ್ನೂ ಕಳೆಯಲಾರನು. ತಬಲಾ ನುಡಿಸುವವನ ಪಾಡೂ ಅದೇ. ಆ ಸಲುಗೆಯಿಂದ, ಸಂಜೆಯ ಸಂಗೀತ ತರಗತಿಗೆ ಹೊಸದಾಗಿ ಸೇರುವ ವಿದ್ಯಾರ್ಥಿಗಳ ಸಲುವಾಗಿ, ಈ ಪಾಠವನ್ನು ಬರೆದಿದ್ದೇನೆ.

ಠೇಕಾ ಎಂದರೆ ಆಸರೆ, ಆನಿಕೆ. ಹಾಡುಗಾರನು ಆನಿಕೊಂಡು ನಿಲ್ಲುವ ಗೋಡೆಯೆಂದು ತಿಳಿಯಿರಿ. ದಕ್ಷಿಣಾದಿ ಪದ್ಧತಿಯಲ್ಲಿ ಆದಿತಾಳಕ್ಕೆ ಮೃದಂಗದವರು ಇಂಥದೇ ಜತಿಯನ್ನು ನುಡಿಸಬೇಕೆಂಬ ಕಟ್ಟಿಲ್ಲ. ಕೃತಿಯ ನಡೆಯನ್ನು ಅನುಸರಿಸಿ ನುಡಿಸುವರು. ಹಿಂದುಸ್ತಾನಿ ಪದ್ಧತಿಯಲ್ಲಿ ಹಾಗಲ್ಲ. ಅಲ್ಲಿ ತಾಳದ ಗುರುತೇ ಠೇಕಾ. ತ್ರಿತಾಳಕ್ಕೂ ತಿಲವಾಡಕ್ಕೂ ಹದಿನಾರೇ ಮಾತ್ರೆ. ಆದರೆ ಎರಡರ ಬೋಲುಗಳೂ ಬೇರೆ, ನಡೆಯೂ ಬೇರೆ. ಎಣಿಕೆ ಬಂದಿತೆಂದ ಮಾತ್ರಕ್ಕೆ ತಾಳ ಬಂದಂತಾಗಲಿಲ್ಲ ಎಂಬುದು ಇದರಿಂದ ಸ್ಪಷ್ಟ.

ತ್ರಿತಾಳದ ಠೇಕಾ ಇದು:

ಧಾ ಧಿಂ ಧಿಂ ಧಾ । ಧಾ ಧಿಂ ಧಿಂ ಧಾ । ಧಾ ತಿಂ ತಿಂ ತಾ । ತಾ ಧಿಂ ಧಿಂ ಧಾ

ನಾಲ್ಕು ನಾಲ್ಕರ ನಾಲ್ಕು ವಿಭಾಗಗಳು. ಒಂದನೆಯ ಮಾತ್ರೆಗೆ ಚಪ್ಪಾಳೆ; ಇದೇ ಸಮ. ಐದನೆಯದಕ್ಕೆ ಚಪ್ಪಾಳೆ. ಒಂಬತ್ತನೆಯದಕ್ಕೆ ಅಂಗೈಯನ್ನು ಮೇಲಕ್ಕೆ ತಿರುಗಿಸಿ ಬೀಸಬೇಕು, ಇದು ಖಾಲಿ. ಹದಿಮೂರನೆಯದಕ್ಕೆ ಮತ್ತೆ ಚಪ್ಪಾಳೆ. ವಿಭಾಗಗಳು ನಾಲ್ಕಿದ್ದರೂ ಚಪ್ಪಾಳೆಗಳು ಮೂರೇ ಇರುವುದರಿಂದ ತ್ರಿತಾಳವೆಂಬ ಹೆಸರು.

ಮಂದಾನಿಲ ರಗಳೆಯನ್ನು ಓದಿದ ವಿದ್ಯಾರ್ಥಿಗೆ ಈ ಕಟ್ಟು ಹೊಸದಾಗಿ ತೋರದು. ಅಲ್ಲಿಯೂ ಪಾದವೊಂದಕ್ಕೆ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು ಹದಿನಾರು. ಮೂರು ಮತ್ತು ಐದರ ಗಣಗಳನ್ನು ಎರಡಾವೃತ್ತಿ ಜೋಡಿಸಿದ ಪಾದಗಳೂ ಅದರಲ್ಲುಂಟು, ಮೊತ್ತ ಅಷ್ಟೇ. ಶರಣರ ಕಥೆಗಳನ್ನು ರಗಳೆಯಲ್ಲಿ ಹರಿಯಿಸಿದ ಹರಿಹರನ ಯಾವುದಾದರೊಂದು ಮಂದಾನಿಲದ ಪಾದವನ್ನು ತೆಗೆದುಕೊಂಡು, ಗಣದ ಆದಿಯಲ್ಲಿ ಚಪ್ಪಾಳೆಯಿಕ್ಕುತ್ತ ಓದಿ ನೋಡಿರಿ. ಇದೇ ರೀತಿ ಉತ್ಸಾಹ ರಗಳೆಯ ಮೂರರ ಗಣವು ಆರು ಮಾತ್ರೆಯ ದಾದರಾ ತಾಳಕ್ಕೂ, ಭಾಮಿನಿ ಷಟ್ಪದಿಯ ಮೂರು ನಾಲ್ಕರ ಜೋಡಿಯು ಏಳು ಮಾತ್ರೆಯ ರೂಪಕಕ್ಕೂ ಒಗ್ಗುತ್ತವೆ. ಆದರೆ ಒಂದು ಎಚ್ಚರಿಕೆ ಅವಶ್ಯ. ಛಂದಸ್ಸಿನ ಮಾತ್ರೆಯೆಂದರೆ ಒಂದು ಲಘುವನ್ನು ಉಚ್ಚರಿಸುವ ಕಾಲ. ತಾಳದ ಮಾತ್ರೆಯಾದರೋ ಹಾಡುವವನ ಲಯದಂತೆ ಹಿಗ್ಗುವುದೂ ಕುಗ್ಗುವುದೂ ಉಂಟು. ಇನ್ನೊಂದು ಭೇದವು ಇದಕ್ಕಿಂತ ದೊಡ್ಡದು. ಕವಿಯು ನಾಲ್ಕು ಗಣಗಳನ್ನೂ ಅಕ್ಷರದಿಂದ ತುಂಬುತ್ತಾನೆ, ಬರಿದಾದ ಗಣವೆಂಬುದು ಅವನಲ್ಲಿಲ್ಲ. ತಾಳವು ಒಂದು ಗಣವನ್ನು ಬೇಕೆಂದೇ ಬರಿದು ಮಾಡುತ್ತದೆ. ಈ ಬರಿದನ್ನು ಅರಿಯುವುದೇ ತ್ರಿತಾಳವನ್ನು ಅರಿಯುವುದು. ಉಳಿದುದೆಲ್ಲ ಬೆರಳಿನ ಕೆಲಸ.

ವಾದ್ಯವನ್ನು ಮುಟ್ಟುವ ಮೊದಲು ಬಾಯಿಯಿಂದ ಬೋಲುಗಳನ್ನು ಹೇಳಿ ಕೈಯಿಂದ ತಾಳ ಹಾಕಬೇಕು. ಇದಕ್ಕೆ ಪಢಂತ ಎಂದು ಹೆಸರು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಇದಕ್ಕೆ ಒಳ್ಳೆಯ ಗುರು. ಒಂದು ಮಿಡಿತಕ್ಕೆ ಒಂದು ಮಾತ್ರೆಯಂತೆ ಹೇಳಿದರೆ ಒಂದು ಆವರ್ತನಕ್ಕೆ 16 ಸೆಕೆಂಡು, ಹದಿನೈದು ಆವರ್ತನಕ್ಕೆ ಸರಿಯಾಗಿ 4 ನಿಮಿಷ. ಮೊದಲ ಎರಡು ಆವರ್ತನಗಳನ್ನು ಮುಳ್ಳನ್ನು ನೋಡುತ್ತ ಹೇಳಿರಿ. ಆ ಮೇಲೆ ಗಡಿಯಾರಕ್ಕೆ ಬೆನ್ನು ಮಾಡಿ ಕುಳಿತು, ಹದಿನಾರನೆಯ ಸಮಕ್ಕೆ ತಿರುಗಿ ನೋಡಿರಿ. ಮೊದಮೊದಲು ಬಹುಮಂದಿಯ ಲೆಕ್ಕವು ಮುಂಚಿತವಾಗಿಯೇ ಮುಗಿದಿರುತ್ತದೆ. ಎಲ್ಲಿ ಓಡಿದೆವೆಂದು ಪರೀಕ್ಷಿಸಿದರೆ ಖಾಲಿಯ ಆಸುಪಾಸಿನಲ್ಲಿಯೇ ಓಡಿರುವುದು ತಿಳಿಯುತ್ತದೆ. ಕೈಗೆ ಕೆಲಸವಿಲ್ಲದೆಡೆಯಲ್ಲಿ ಮನಸ್ಸು ಅವಸರಪಡುತ್ತದೆ.

ಬರಹವನ್ನು ನೋಡಿ ಕಲಿಯುವೆನೆಂಬವರಿಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನಪಿಸಬೇಕಾಗುತ್ತದೆ. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದು ಉಭಯಗಾನ ವಿಶಾರದರೆನಿಸಿದ ಪಂಚಾಕ್ಷರ ಗವಾಯಿಗಳು (1892–1944) ಅಂಧರು. ಅವರ ಶಿಷ್ಯರೂ ಉತ್ತರಾಧಿಕಾರಿಗಳೂ ಆದ, ತಬಲಾ ಸಹಿತ ಅನೇಕ ವಾದ್ಯಗಳಲ್ಲಿ ನುರಿತ ಪುಟ್ಟರಾಜ ಗವಾಯಿಗಳೂ (1914–2010) ಅಂಧರು. ಅಲ್ಲಿ ಆಶ್ರಯ ಪಡೆದ ದೃಷ್ಟಿಹೀನ ಬಾಲಕರು ಬಾಯಿ, ಕೈ, ಕಿವಿಗಳನ್ನು ನಂಬಿಯೇ ಲಯವನ್ನು ವಶಮಾಡಿಕೊಂಡರು. ಕಣ್ಣುಳ್ಳ ನಮಗೆ ಪಾಟಿಯ ಮೇಲಿನ ಬೋಲು ಒಂದು ಅನುಕೂಲವೇ ಹೊರತು ವಿದ್ಯೆಯಲ್ಲ.

ಇನ್ನು ವಾದ್ಯ. ಬಲಗೈಯ ಮರದ ಅಂಗಕ್ಕೆ ತಬಲಾ ಎಂತಲೂ, ಎಡಗೈಯ ಲೋಹದ ಅಂಗಕ್ಕೆ ಡಗ್ಗಾ ಎಂತಲೂ ರೂಢಿ. ತಬಲದ ಮುಖದಲ್ಲಿ ಮೂರು ಪ್ರದೇಶಗಳು: ಸುತ್ತಲಿನ ಅಂಚು, ನಡುವಿನ ಕಪ್ಪು ಸ್ಯಾಹಿ, ಇವೆರಡರ ಮಧ್ಯದ ಬಯಲು. ಉಂಗುರಬೆರಳನ್ನು ಸ್ಯಾಹಿಯ ಅಂಚಿಗೆ ಹಗುರಾಗಿ ತಾಗಿಸಿಟ್ಟು, ತೋರುಬೆರಳಿನಿಂದ ತಬಲದ ಅಂಚನ್ನು ಹೊಡೆದು ಕೂಡಲೆ ಬೆರಳನ್ನೆತ್ತಿದರೆ ನಾ ಎಂಬ ಗಂಟೆಯಂಥ ನಾದ ಹೊರಡುತ್ತದೆ. ಠೇಕಾದಲ್ಲಿ ತಾ ಎಂದು ಹೇಳುವುದೂ ಇದನ್ನೇ. ಉಂಗುರಬೆರಳನ್ನು ಕದಲಿಸದೆ ತೋರುಬೆರಳನ್ನು ಮಧ್ಯದ ಬಯಲಿನಲ್ಲಿ ಮೃದುವಾಗಿ ಹಾಕಿದರೆ ತಿಂ. ಡಗ್ಗದ ಮೇಲೆ ಮಣಿಕಟ್ಟನ್ನು ಊರಿ, ಬೆರಳುಗಳನ್ನು ಹೆಡೆಯಂತೆ ಬಾಗಿಸಿ, ಸ್ಯಾಹಿಯ ಆಚೆಯ ಬಯಲಿಗೆ ತುದಿಬೆರಳಿನಿಂದ ಹೊಡೆದರೆ ಗೆ ಎಂಬ ಗುಂಭಿತ ನಾದ. ನಾ ಮತ್ತು ಗೆ ಒಂದೇ ಕ್ಷಣದಲ್ಲಿ ಕೂಡಿದರೆ ಧಾ. ತಿಂ ಮತ್ತು ಗೆ ಕೂಡಿದರೆ ಧಿಂ. ಕೂಡುವುದೆಂದರೆ ಕೂಡಲೇಬೇಕು, ಎಡಗೈ ಕೂದಲೆಳೆಯಷ್ಟು ತಡವಾದರೂ ಒಂದು ಅಕ್ಷರ ಎರಡಾಗಿ ಒಡೆಯುತ್ತದೆ. ಬೆರಳಿಡುವ ವಿಷಯದಲ್ಲಿ ದಿಲ್ಲಿ, ಲಖನೌ, ಬನಾರಸ ಮೊದಲಾದ ಘರಾಣೆಗಳಲ್ಲಿ ಸಣ್ಣಪುಟ್ಟ ಭೇದಗಳಿವೆ. ನಿಮ್ಮ ಗುರುಗಳು ಇಟ್ಟುಕೊಟ್ಟಲ್ಲಿ ಬೆರಳಿಡಿರಿ. ನನ್ನ ಬರಹವನ್ನು ಹಿಡಿದು ಅವರೊಡನೆ ವಾದಕ್ಕಿಳಿಯಬೇಡಿರಿ.

ಈಗ ಎರಡು ಕೈಗಳನ್ನೂ ಬೇರ್ಪಡಿಸಿ ಅಭ್ಯಾಸ ಮಾಡಬೇಕು. ಬಲಗೈಯೊಂದನ್ನೇ ನುಡಿಸಿ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ನಾ ತಿಂ ತಿಂ ನಾ, ನಾ ತಿಂ ತಿಂ ನಾ, ಮತ್ತೆ ಅದೇ, ಮತ್ತೂ ಅದೇ! ನಾಲ್ಕು ವಿಭಾಗಗಳಲ್ಲಿಯೂ ಬಲಗೈಯ ಕೆಲಸದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಹಾಗಾದರೆ ಸಮ ಯಾವುದು, ಖಾಲಿ ಯಾವುದು ಎಂದು ಕೇಳುಗನಿಗೆ ತಿಳಿಸುವವರು ಯಾರು? ಎಡಗೈ. ಅದರ ಲೆಕ್ಕವನ್ನು ಮಾತ್ರ ಬಿಡಿಸಿ ಬರೆದರೆ ಒಂಬತ್ತು ಪೆಟ್ಟು, ನಾಲ್ಕು ಮೌನ, ಮೂರು ಪೆಟ್ಟು. ಒಂದರಿಂದ ಒಂಬತ್ತರವರೆಗೆ ಡಗ್ಗಾ ಗುಂಭಿಸುತ್ತದೆ. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರರಲ್ಲಿ ಸುಮ್ಮನಿರುತ್ತದೆ. ಹದಿನಾಲ್ಕರಲ್ಲಿ ಮರಳಿ ಬಂದು ಹಾಡುಗಾರನನ್ನು ಸಮದವರೆಗೆ ಕೈಹಿಡಿದು ನಡೆಸುತ್ತದೆ.

ಇಲ್ಲಿ ಬುದ್ಧಿವಂತ ವಿದ್ಯಾರ್ಥಿಯು ಒಂದು ಆಕ್ಷೇಪ ಎತ್ತಬೇಕು. ಖಾಲಿಯು ಒಂಬತ್ತನೆಯ ಮಾತ್ರೆಗೆಂದು ಹೇಳಿ ಅಲ್ಲಿ ಡಗ್ಗಾ ಕೂಡಿದ ಧಾ ಅನ್ನೇ ಇಟ್ಟಿರುವುದೇಕೆ? ಕೈ ಬೀಸಿದಾಗ ಡಗ್ಗಾ ನುಡಿಯುತ್ತದೆ. ಹದಿಮೂರಕ್ಕೆ ಚಪ್ಪಾಳೆ ಬಿದ್ದಾಗ ಅದು ಮೌನವಾಗಿರುತ್ತದೆ. ಹೊರಗಣ ಲೆಕ್ಕಕ್ಕೂ ಒಳಗಣ ನಾದಕ್ಕೂ ಒಂದೊಂದು ಮಾತ್ರೆಯ ಅಂತರ. ಕೆಲವರು ಒಂಬತ್ತನೆಯದನ್ನೂ ನಾ ಎಂದೇ ನುಡಿಸುವುದುಂಟು. ನಾವು ಗ್ರಂಥಸಂಪಾದನೆಯಲ್ಲಿ ಪಾಠಾಂತರವೆನ್ನುವಂತೆ ಅದನ್ನು ಗ್ರಹಿಸಬಹುದು. ನನ್ನ ಕಿವಿಗೆ ರೂಢಿಯ ಪಾಠವೇ ಮೇಲು. ಒಂಬತ್ತರ ಧಾ ಬಿಟ್ಟುಹೋದ ಗುಂಭನವು ಹತ್ತನೆಯ ಮಾತ್ರೆಯ ತಿಂ ಮೇಲೆ ಕರಗುತ್ತ ಕರಗುತ್ತ ಇಲ್ಲವಾಗುವ ಬಗೆಯಲ್ಲಿ ಒಂದು ಸೊಗಸಿದೆ. ದೀಪವನ್ನು ಫಕ್ಕನೆ ಆರಿಸುವುದಕ್ಕೂ ಅದು ತಾನಾಗಿ ಸಣ್ಣಗಾಗುವುದಕ್ಕೂ ಇರುವ ಭೇದದಂತೆ.

ಎಡಗೈಯೊಂದರಿಂದಲೇ ಈ ಒಂಬತ್ತು, ನಾಲ್ಕು, ಮೂರರ ಲೆಕ್ಕವನ್ನು ಬಾಯಿಯ ಬೋಲಿನೊಡನೆ ಹತ್ತು ದಿನ ನುಡಿಸಿರಿ. ಮೌನದ ನಾಲ್ಕು ಮಾತ್ರೆಗಳಲ್ಲಿ ಕೈಯನ್ನು ಡಗ್ಗದ ಮೇಲಿಂದ ಎತ್ತಿಬಿಡಬಾರದು, ಮುಖವನ್ನು ಅದುಮಿ ಹಿಡಿಯಲೂಬಾರದು. ಅದು ತಯಾರಾದ ಮೇಲೆ ಎರಡು ಕೈಗಳನ್ನೂ ಕೂಡಿಸಬೇಕು. ಬಾಲಕರಿಗೆ ಸದ್ದಿನ ಮೇಲೆ ಮೋಹ. ಢಬಢಬನೆ ಬಡಿದರೆ ನುಡಿಸಿದಂತಾಯಿತೆಂಬ ಭಾವನೆ. ತಬಲವು ಪೆಟ್ಟಿನಿಂದ ನುಡಿಯುವುದಿಲ್ಲ, ಪೆಟ್ಟಿನ ನಂತರ ಬೆರಳನ್ನು ಎತ್ತಿಕೊಳ್ಳುವುದರಿಂದ ನುಡಿಯುತ್ತದೆ. ಹಾಡುವವನ ಷಡ್ಜಕ್ಕೆ ತಬಲವನ್ನು ಹೊಂದಿಸಿಕೊಳ್ಳುವುದನ್ನೂ ಈ ಹಂತದಲ್ಲಿಯೇ ಕಲಿಯಿರಿ. ಹೆಣಿಗೆಯ ಅಂಚಿಗೆ ಸುತ್ತಿಗೆಯಿಂದ ಮೇಲಿನಿಂದ ತಟ್ಟಿದರೆ ಶ್ರುತಿ ಏರುತ್ತದೆ, ಕೆಳಗಿನಿಂದ ತಟ್ಟಿದರೆ ಇಳಿಯುತ್ತದೆ. ಹೆಚ್ಚಿನ ಅಂತರವಿದ್ದರೆ ವಾರಿನ ಕೆಳಗಿನ ಗಟ್ಟಾಗಳನ್ನು ಸರಿಸಬೇಕು.

ಠಾಯ ಲಯವು ನಿಂತ ಮೇಲೆ ದುಗುಣ. ಒಂದು ಮಾತ್ರೆಯ ಕಾಲದಲ್ಲಿ ಎರಡು ಬೋಲು. ಕೈಯ ತಾಳ ಮೊದಲಿನಂತೆಯೇ. ಆಗ ಠೇಕಾ ಎಂಟು ಮಾತ್ರೆಗಳಲ್ಲಿ ಮುಗಿದು, ಎರಡನೆಯ ಸುತ್ತಿನ ಮೊದಲ ಧಾ ಖಾಲಿಯ ಬೀಸಿನ ಮೇಲೆ ಬೀಳುತ್ತದೆ. ಹಾಗೆ ಬೀಳದಿದ್ದರೆ ಠಾಯಕ್ಕೆ ಹಿಂದಿರುಗಿರಿ.

ಇಷ್ಟೊಂದು ಶ್ರಮವೇಕೆ, ಮೊಬೈಲಿನಲ್ಲಿಯೇ ಠೇಕಾ ಹಚ್ಚಿಟ್ಟು ಹಾಡಬಹುದಲ್ಲ ಎಂದು ಈಗ ಹಲವು ಕಡೆ ಕೇಳುತ್ತಾರೆ. ಒಬ್ಬನೇ ಅಭ್ಯಾಸ ಮಾಡುವವನಿಗೆ ಆ ಯಂತ್ರ ಉಪಕಾರಿ. ಅದು ಹದಿನಾರನ್ನು ಎಂದೂ ತಪ್ಪುವುದಿಲ್ಲ. ಆದರೆ ನಮ್ಮ ಮಠದ ಸಭೆಯಲ್ಲಿ ಹಾಡುವುದು ಹೆಚ್ಚಾಗಿ ವಚನ. ವಚನಕ್ಕೆ ರಗಳೆಯಂತೆ ನಿಯತವಾದ ಗಣಗಳಿಲ್ಲ. ಒಂದು ವಾಕ್ಯ ಮೂರು ಪದಕ್ಕೆ ಮುಗಿದರೆ ಮುಂದಿನದು ಹದಿನೈದು ಪದದವರೆಗೆ ಹರಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯಂಥ ಗವಾಯಿಗಳು ಈ ಅಳತೆಯಿಲ್ಲದ ಮಾತನ್ನು ರಾಗದಲ್ಲಿಯೂ ತಾಳದಲ್ಲಿಯೂ ಕೂರಿಸಿ ತೋರಿಸಿದರು. ಅರ್ಥ ಮುರಿಯದಂತೆ ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು ಎಂಬುದು ಹಾಡುವವನ ವಿವೇಕ. ಆ ವಿವೇಕಕ್ಕೆ ಎಡೆಯಿರಬೇಕಾದರೆ ಠೇಕಾ ಅಲುಗದಿರಬೇಕು, ಜೊತೆಗೆ ನುಡಿಸುವವನ ಕಿವಿ ತೆರೆದಿರಬೇಕು. ಮಾತು ಸಣ್ಣ ದನಿಗಿಳಿದಾಗ ಡಗ್ಗವೂ ಇಳಿಯಬೇಕು. ಯಂತ್ರಕ್ಕೆ ಆ ಮಾತು ಕೇಳಿಸದು. ಮಾತಿನ ನಡುವೆ ತನ್ನ ಚಮತ್ಕಾರವನ್ನು ತುಂಬುವ ತಬಲಾವಾದಕನಿಗೂ ಕೇಳಿಸದು. ಅವನು ಯಂತ್ರಕ್ಕಿಂತ ಕಷ್ಟ.

ತಾಳದ ಲೆಕ್ಕವಾಗಲಿ ಗಣದ ಲೆಕ್ಕವಾಗಲಿ ತಮಗೆ ತಿಳಿಯದೆಂದು ಬಸವಣ್ಣನವರೇ ಹೇಳಿಕೊಂಡಿದ್ದಾರಲ್ಲ, ನಮಗೇಕೆ ಈ ಲೆಕ್ಕ ಎಂದು ಒಂಬತ್ತನೆಯ ಇಯತ್ತೆಯವರು ಪ್ರತಿ ವರ್ಷವೂ ಕೇಳುವುದು ವಾಡಿಕೆ. ಅಣ್ಣನವರ ವಿನಯವನ್ನು ನಮ್ಮ ಆಲಸ್ಯಕ್ಕೆ ಆಧಾರ ಮಾಡಿಕೊಳ್ಳಬಾರದು. ಆ ವಚನದಲ್ಲಿ ತಾಳ, ಗಣಗಳ ಪರಿಭಾಷೆಯನ್ನು ಅಷ್ಟು ನೇರ್ಪಾಗಿ ಬಳಸಿದವರು ಅವನ್ನು ಅರಿಯದವರಲ್ಲ.

ಕಡೆಯದಾಗಿ ತಿಹಾಯಿ. ವಚನದ ಅಂಕಿತವನ್ನು ಮೂರು ಸಲ ಹೇಳಿ ಸಮಕ್ಕೆ ಮುಗಿಸುವ ಪದ್ಧತಿಯುಂಟು. ತಬಲವೂ ಅದೇ ರೀತಿ ಒಂದು ಬೋಲನ್ನು ಮೂರು ಸಲ ನುಡಿಸಿ ಸಮಕ್ಕೆ ಬರುತ್ತದೆ. ತಿಟಕತ ಒಂದು ಮಾತ್ರೆ, ಗದಿಗನ ಒಂದು ಮಾತ್ರೆ, ಧಾ ಒಂದು ಮಾತ್ರೆ, ಒಟ್ಟು ಮೂರು. ಮೂರು ಸಲಕ್ಕೆ ಒಂಬತ್ತು. ಕೊನೆಯ ಧಾ ಸಮದ ಮೇಲೆ ಬೀಳಬೇಕಾದರೆ ಎಲ್ಲಿಂದ ತೊಡಗಬೇಕು? ಸಮವನ್ನು ಹದಿನೇಳೆಂದು ಹಿಡಿದು ಹಿಂದಕ್ಕೆ ಒಂಬತ್ತನ್ನು ಎಣಿಸಿದರೆ ಒಂಬತ್ತನೆಯ ಮಾತ್ರೆಗೆ ಬಂದು ನಿಲ್ಲುತ್ತೇವೆ. ಅಂದರೆ ಖಾಲಿಯಿಂದಲೇ. ಒಂಬತ್ತು, ಹತ್ತು, ಹನ್ನೊಂದು ಮೊದಲ ಸಲ. ಹನ್ನೆರಡು, ಹದಿಮೂರು, ಹದಿನಾಲ್ಕು ಎರಡನೆಯ ಸಲ. ಹದಿನೈದು, ಹದಿನಾರು ಮತ್ತು ಸಮ. ಖಾಲಿಯನ್ನು ಗುರುತಿಸದವನು ಇದನ್ನು ತೊಡಗುವುದೇ ಅಸಾಧ್ಯ. ಆ ಧಾ ಬಿದ್ದೊಡನೆ ಕೈಗಳನ್ನು ಮಡಿಲಿಗೆ ತಂದುಕೊಳ್ಳಬೇಡಿರಿ. ಹಾಡುವವನು ಅಂಕಿತವನ್ನು ಇನ್ನೊಮ್ಮೆ ಎತ್ತಿಕೊಂಡರೆ ಎರಡನೆಯ ಮಾತ್ರೆಯ ಧಿಂ ಅವನಿಗಾಗಿ ಸಿದ್ಧವಾಗಿರಬೇಕು.